‘ಮರ್ಕ್ಯೂರಿಯಲ್’ ಪದವನ್ನು ಬಳಸುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನೋಟ್‌ಬುಕ್ಕಿನಲ್ಲಿ ‘ಮರ್ಕ್ಯೂರಿಯಲ್ ಎಂದರೆ ಚಂಚಲ’ ಎಂಬ ಒಂದು ಸಾಲು ಇದ್ದೇ ಇರುತ್ತದೆ. ಸಮಾನಾರ್ಥಕ ಗುರುತಿಸಲು ಅಷ್ಟು ಸಾಕು, ವಾಕ್ಯ ಬರೆಯಲು ಸಾಲದು.

ಮೊದಲು ಮೂಲ ತಿಳಿಯಿರಿ. ಮರ್ಕ್ಯುರಿ ರೋಮನ್ನರ ದೇವದೂತ, ವ್ಯಾಪಾರಿಗಳ ದೇವರು. 88 ದಿನಗಳಲ್ಲಿ ಸೂರ್ಯನನ್ನು ಸುತ್ತಿ ಬರುವ ಬುಧ ಗ್ರಹಕ್ಕೂ ಪಾದರಸಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು. ಪಾದರಸ ಲೋಹವೇ ಆದರೂ ಹೆಪ್ಪುಗಟ್ಟಬೇಕಾದರೆ ಮೈನಸ್ 39 ಡಿಗ್ರಿ ಸೆಲ್ಸಿಯಸ್‌ನಷ್ಟು ಚಳಿ ಬೇಕು. ಹಾಗಾಗಿ ನಮ್ಮ ಕೈಗೆ ಸಿಗುವಾಗ ಅದು ಹರಿದಾಡುತ್ತಲೇ ಇರುತ್ತದೆ. ಬುಧನ ಪ್ರಭಾವದಲ್ಲಿ ಹುಟ್ಟಿದವರು ಮಾತಿನಲ್ಲೂ ಬುದ್ಧಿಯಲ್ಲೂ ಚುರುಕು ಎಂದು ಯುರೋಪಿನ ಜ್ಯೋತಿಷಿಗಳು ನಂಬಿದ್ದರು. ನಮ್ಮ ಪಂಚಾಂಗದವರೂ ಹಾಗೇ ಹೇಳುತ್ತಾರಲ್ಲ! ಗಳಿಗೆಗೊಂದು ಮನಸ್ಸು ಎಂಬ ಅರ್ಥ ಆಮೇಲೆ ಸೇರಿತು.

ನಮ್ಮವರು ಎಡವುವುದು ಇಲ್ಲೇ. ‘ಹುಡುಗ ಪಾದರಸ ಇದ್ದಂಗ ಅದಾನ’ ಎಂದರೆ ನಮ್ಮಲ್ಲಿ ಬರೀ ಹೊಗಳಿಕೆ. ಇಂಗ್ಲಿಷಿನವರು ಆ ಚುರುಕಿನ ಜೊತೆಗೆ ‘ಯಾವಾಗ ಹೇಗಿರುತ್ತಾನೋ ಹೇಳಲು ಬಾರದು’ ಎಂಬುದನ್ನೂ ಕೇಳಿಸಿಕೊಳ್ಳುತ್ತಾರೆ. ಆದ್ದರಿಂದ ಕೆಲಸದ ಅರ್ಜಿಯಲ್ಲಿ ನಿಮ್ಮ ಬಗ್ಗೆ ಈ ಪದ ಬರೆಯಬೇಡಿ.

ಮುಂದಿನದು ಜೋಡಣೆ. ಟೆಂಪರಮೆಂಟ್, ಲೀಡರ್, ಟ್ಯಾಲೆಂಟ್ ಇವುಗಳಿಗಿಂತ ಮೊದಲು ಈ ಪದ ಸಲೀಸಾಗಿ ಕೂರುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿನ ಒಬ್ಬ ಅಂಗಡಿಯವರನ್ನು ಊಹಿಸಿಕೊಳ್ಳಿ: ಮುಂಜಾನೆ ನಗಿಸುತ್ತಾರೆ, ಮಧ್ಯಾಹ್ನ ರೇಗುತ್ತಾರೆ, ಸಂಜೆ ತಾವೇ ಗಿರ್ಮಿಟ್ಟು ತರಿಸಿ ಕೊಡುತ್ತಾರೆ. ವ್ಯಾಪಾರದ ಲೆಕ್ಕದಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ. ‘ಅವರ್ ಓನರ್ ಈಸ್ ಬ್ರಿಲಿಯಂಟ್ ಬಟ್ ಮರ್ಕ್ಯೂರಿಯಲ್’ ಎನ್ನಬಹುದು. ಸ್ವಭಾವವೇ ಹಾಗಿರಬೇಕು, ಒಂದು ದಿನದ ಸಿಟ್ಟಿಗೆ ಇದು ಸಲ್ಲದು. ಉಚ್ಚಾರದಲ್ಲಿ ಒತ್ತು ‘ಕ್ಯೂ’ ಮೇಲೆ.

ನೆರೆಹೊರೆಯ ಪದಗಳನ್ನೂ ಬೇರ್ಪಡಿಸಿಕೊಳ್ಳಿ. ಮುಖ ಗಂಟಿಕ್ಕಿಕೊಂಡು ಕೂರುವವರು ಮೂಡಿ. ಇಂದು ಒಂದು ಪಕ್ಷ, ನಾಳೆ ಇನ್ನೊಂದು ಎನ್ನುವ ಮತದಾರ ಫಿಕಲ್, ಏಕೆಂದರೆ ಅಲ್ಲಿ ಬದಲಾಗುವುದು ನಿಷ್ಠೆ. ಒಮ್ಮೆ ಸ್ಟಾರ್ಟ್ ಆಗಿ ಇನ್ನೊಮ್ಮೆ ಆಗದ ಹಳೆಯ ಬೈಕಿಗೆ ಟೆಂಪರಮೆಂಟಲ್ ಎನ್ನುತ್ತಾರೆ. ಗಳಿಗೆಗೊಮ್ಮೆ ಏರಿಳಿಯುವ ಷೇರುಪೇಟೆಗೆ ವಾಲಟೈಲ್.

ಕಾಯಿಲೆಗೆ ಮಾತ್ರ ಇವುಗಳಲ್ಲಿ ಯಾವುದನ್ನೂ ಅಂಟಿಸಬೇಡಿ. ದಿನಗಟ್ಟಲೆ ನಿದ್ದೆಯೇ ಬೇಡವೆಂಬಂತೆ ಉಬ್ಬಿ ಓಡಾಡಿ, ಆಮೇಲೆ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳದವರ ಸ್ಥಿತಿ ಬೈಪೋಲಾರ್ ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.