ಊದುಬತ್ತಿ ಹಿಡಿದು ಗಾಳಿ ಹುಡುಕಿ: ಶಿಕಾಗೊದ ಹಳೇ ಕಿಟಕಿ ಮತ್ತು ನಮ್ಮಮ್ಮ

ನಮ್ಮೂರಲ್ಲಿ ಯಾರದಾದರೂ ಹೊಸ ಮನೆಗೆ ಹೋದರೆ "ಒಳ್ಳೆ ಗಾಳಿ ಬರುತ್ತೆ ಕಣ್ರೀ" ಅನ್ನುವುದು ದೊಡ್ಡ ಹೊಗಳಿಕೆ. ನಾನು ಸಾಗರದ ಹತ್ತಿರ ಹಂಚಿನ ಮನೆಯಲ್ಲಿ ಬೆಳೆದವಳು. ಕಿಟಕಿ ಅಂದರೆ ಸರಳು, ಅದಕ್ಕೊಂದು ಮರದ ಬಾಗಿಲು, ಅಷ್ಟೇ. ಈಗ ಶಿಕಾಗೊದ ಉತ್ತರ ತುದಿಯ ರಾಜರ್ಸ್ ಪಾರ್ಕ್‌ನಲ್ಲಿ, ಸುಮಾರು ನೂರು ವರ್ಷದ ಇಟ್ಟಿಗೆ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಇಲ್ಲೂ ಒಳ್ಳೆ ಗಾಳಿ ಬರುತ್ತದೆ. ಅದೂ ಜನವರಿಯಲ್ಲಿ.

2019ರ ಜನವರಿ 30ರಂದು ಇಲ್ಲಿ ಮೈನಸ್ 31 ಡಿಗ್ರಿ ಸೆಲ್ಸಿಯಸ್ ಆಗಿತ್ತು. ಕಿಟಕಿ ಮುಚ್ಚಿದೆ, ಆದರೂ ಪರದೆ ಮೆಲ್ಲಗೆ ಅಲ್ಲಾಡುತ್ತಿದೆ. ಅವತ್ತು ಮನೆಯೊಳಗೆ ಕೋಟು ಹಾಕಿಕೊಂಡೇ ಅನ್ನ ಸಾರು ಉಂಡೆವು.

ಮರುವಾರವೇ ಅಂಗಡಿಗೆ ಓಡಿ, ಕಿಟಕಿಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ ತಂದೆ. ಸುತ್ತಲೂ ಟೇಪ್ ಹಚ್ಚಿ ಹಾಳೆ ಅಂಟಿಸಿ, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದರೆ ಅದು ಬಿಗಿಯಾಗಿ ಗಾಜಿನ ಹಾಗೆ ಕಾಣುತ್ತದೆ. ಕಂಡಿತು ಕೂಡ. ರಾತ್ರಿ ಗಾಳಿ ಎದ್ದಾಗ ಪೂರಿಯ ಹಾಗೆ ಉಬ್ಬಿತು. ಎರಡು ದಿನಕ್ಕೆ ಟೇಪ್ ಕಿತ್ತು ಬಂತು.

ಮುಂದಿನ ನವೆಂಬರ್‌ನಲ್ಲಿ ಅಮ್ಮ ಬಂದಳು. ಈ ಕತೆ ಕೇಳಿ ನಕ್ಕು, "ಸೋರೋ ಹಂಚು ಯಾವುದು ಅಂತ ನೋಡದೆ ಇಡೀ ಮಾಡಿಗೆ ಟಾರ್ಪಾಲು ಹೊದಿಸ್ತಾರೇನೇ?" ಅಂದಳು. ದೇವರ ಗೂಡಿನಿಂದ ಒಂದು ಊದುಬತ್ತಿ ತಂದು ಹಚ್ಚಿದಳು. ಅಲ್ಲಿಂದ ನಮ್ಮ ಮನೆಯ ಚಳಿಗಾಲದ ಕೆಲಸ ಶುರುವಾಗುವುದೇ ಹೀಗೆ.

ಜೋರು ಗಾಳಿಯಿರುವ ದಿನ ಆರಿಸಿಕೊಳ್ಳಿ. ಕಿಟಕಿ ಬಾಗಿಲು ಎಲ್ಲಾ ಮುಚ್ಚಿ. ಅಡುಗೆಮನೆಯ ಮತ್ತು ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ. ಅವು ಒಳಗಿನ ಗಾಳಿಯನ್ನು ಹೊರಗೆ ತಳ್ಳುವುದರಿಂದ, ಅದರ ಜಾಗಕ್ಕೆ ಹೊರಗಿನ ಗಾಳಿ ಸಂದಿಗಳಲ್ಲಿ ನುಗ್ಗಿ ಬರುತ್ತದೆ. ಈಗ ಪರದೆ ಪಕ್ಕಕ್ಕೆ ಕಟ್ಟಿ (ಬೆಂಕಿ ತಾಗೀತು, ಜೋಪಾನ), ಊದುಬತ್ತಿಯನ್ನು ಚೌಕಟ್ಟಿನ ಅಂಚಿನಲ್ಲಿ ನಿಧಾನವಾಗಿ ಓಡಿಸಿ. ಹೊಗೆ ಎಲ್ಲಿ ಥಟ್ಟನೆ ಕೋಣೆಯ ಕಡೆ ಬಾಗುತ್ತದೋ ಅಲ್ಲಿ ತೂತಿದೆ. ಅಲ್ಲೊಂದು ಪೆನ್ಸಿಲ್ ಗುರುತು ಹಾಕಿ.

ಇನ್ನೊಂದು ಥರದ ಹೊಗೆಯೂ ಕಾಣುತ್ತದೆ. ಅದು ಒಳಗೆ ಬಾಗುವುದಿಲ್ಲ, ಗಾಜಿಗೆ ಅಂಟಿಕೊಂಡಂತೆ ಕೆಳಗೆ ಜಾರುತ್ತದೆ. ಅಲ್ಲಿ ತೂತಿಲ್ಲ. ತಣ್ಣನೆ ಗಾಜು ತಾಗಿ ಒಳಗಿನ ಗಾಳಿಯೇ ತಣ್ಣಗಾಗಿ, ಭಾರವಾಗಿ, ಕಾಲಬುಡಕ್ಕೆ ಇಳಿಯುತ್ತಿದೆ. ಕೂತವರಿಗೆ ಎರಡೂ ಒಂದೇ ಥರ ಚಳಿ. ಮದ್ದು ಮಾತ್ರ ಬೇರೆ ಬೇರೆ. ಸಂದಿಗೆ ಸಂದಿ ಮುಚ್ಚುವ ಸಾಮಾನು ಬೇಕು, ಗಾಜಿಗೆ ಪ್ಲಾಸ್ಟಿಕ್ ಹಾಳೆ ಅಥವಾ ದಪ್ಪ ಪರದೆ. ನಾನು ಸಂದಿಯ ಕಾಯಿಲೆಗೆ ಗಾಜಿನ ಮದ್ದು ಕೊಟ್ಟಿದ್ದೆ, ಅದಕ್ಕೇ ಪೂರಿ ಉಬ್ಬಿದ್ದು.

ಖರ್ಚಿಲ್ಲದ ಕೆಲಸ ಮೊದಲು. ಇಲ್ಲಿಯ ಹಳೇ ಕಿಟಕಿಗಳಲ್ಲಿ ಎರಡು ಗಾಜಿನ ಪಲ್ಲೆಗಳು (ಕಿಟಕಿಯ ಬಾಗಿಲುಗಳು) ಇರುತ್ತವೆ, ಒಂದರ ಮೇಲೊಂದು, ಮೇಲೆ ಕೆಳಗೆ ಜಾರುವಂಥವು. ಅವು ಸೇರುವ ಕಡೆ ಒಂದು ಅರ್ಧಚಂದ್ರದ ಚಿಲಕ ಇರುತ್ತದೆ. ಅದು ಕಳ್ಳರಿಗೆ ಅಂತ ನಾನು ಅಂದುಕೊಂಡಿದ್ದೆ. ಮೂರನೇ ಮಹಡಿಗೆ ಯಾವ ಕಳ್ಳ ಹತ್ತುತ್ತಾನೆ ಅಂತ ಹಾಕುತ್ತಲೇ ಇರಲಿಲ್ಲ. ಆ ಚಿಲಕ ತಿರುಗಿಸಿದರೆ ಎರಡೂ ಪಲ್ಲೆ ಒಂದಕ್ಕೊಂದು ಬಿಗಿಯಾಗುತ್ತವೆ, ನಡುವಿನ ಸಂದಿ ಮುಚ್ಚುತ್ತದೆ. ಚಿಲಕ ಕೂಡದಿದ್ದರೆ ಮೇಲಿನ ಪಲ್ಲೆ ಅರ್ಧ ಇಂಚು ಕೆಳಗೆ ಜಾರಿರುತ್ತದೆ, ಮೇಲಕ್ಕೆ ತಳ್ಳಿ. ಹೊರಗಡೆ ಅಲ್ಯೂಮಿನಿಯಂ ಚೌಕಟ್ಟಿನ ಸ್ಟಾರ್ಮ್ ವಿಂಡೋ (ಚಳಿ ತಡೆಯುವ ಎರಡನೇ ಕಿಟಕಿ) ಇದ್ದರೆ, ಅದರ ಗಾಜು ಕೆಳಗಿಳಿದಿದೆಯಾ ನೋಡಿ. ಬೇಸಿಗೆಯಲ್ಲಿ ಗಾಜು ಮೇಲೆತ್ತಿ ಸೊಳ್ಳೆ ಪರದೆ ಬಿಟ್ಟಿರುತ್ತೇವೆ, ಆಮೇಲೆ ಮರೆತೇ ಹೋಗುತ್ತದೆ. ಅದರ ತಳದಲ್ಲಿ ಎರಡು ಸಣ್ಣ ತೂತುಗಳಿರುತ್ತವೆ. ಅವನ್ನು ಮಾತ್ರ ಮುಚ್ಚಬೇಡಿ. ನೀರು ಹರಿದು ಹೋಗುವ ದಾರಿ ಅದು, ಮುಚ್ಚಿದರೆ ಮರ ಕೊಳೆಯುತ್ತದೆ.

ಆಮೇಲೂ ಉಳಿದ ಸಂದಿಗಳಿಗೆ ನನ್ನ ಮೆಚ್ಚಿನ ಸಾಮಾನು ರೋಪ್ ಕಾಲ್ಕ್. ಸುರುಳಿ ಸುತ್ತಿಟ್ಟ ಬೂದು ಬಣ್ಣದ ಮೆತ್ತನೆ ಎಳೆ. ಅಮ್ಮ ನೋಡಿದವಳೇ "ಇದು ಚಕ್ಕುಲಿ ಹಿಟ್ಟಲ್ವಾ?" ಅಂದಳು. ಬೇಕಾದಷ್ಟು ಎಳೆ ಬಿಡಿಸಿ, ಹೆಬ್ಬೆರಳಿನಿಂದ ಸಂದಿಗೆ ಒತ್ತುತ್ತಾ ಹೋಗುವುದು, ಅಷ್ಟೇ. ಹಿಂಡುವ ಗನ್ ಬೇಡ, ಅಂಟು ಬೇಡ, ಬಣ್ಣ ಸಾಮಾನ್ಯವಾಗಿ ಕೀಳುವುದಿಲ್ಲ. ವಸಂತದಲ್ಲಿ ಎಳೆದರೆ ಉದ್ದಕ್ಕೆ ಕಿತ್ತು ಬರುತ್ತದೆ. ಬಾಡಿಗೆ ಮನೆಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಟ್ಯೂಬಿನಿಂದ ಹಿಂಡುವ ಸಿಲಿಕೋನ್ ಹಚ್ಚಬೇಡಿ. ಅದು ಗಟ್ಟಿಯಾದರೆ ಕಿಟಕಿ ತೆರೆಯಲು ಕಷ್ಟ, ಮನೆ ಓನರ್ ಜೊತೆ ಜಗಳ ಬೇರೆ.

ಪಲ್ಲೆಯ ಸುತ್ತ ಆದಮೇಲೆ ಇನ್ನೆರಡು ಕಡೆ ನೋಡಿ. ಹಳೇ ಕಿಟಕಿಯ ಪಕ್ಕದಲ್ಲಿ, ಮೇಲ್ಭಾಗಕ್ಕೆ, ಹಗ್ಗ ಹಾಯುವ ಸಣ್ಣ ರಾಟೆ ಇರುತ್ತದೆ. ಗೋಡೆಯೊಳಗೆ ಆ ಹಗ್ಗಕ್ಕೆ ಕಬ್ಬಿಣದ ತೂಕ ಕಟ್ಟಿರುತ್ತಾರೆ, ಅದರ ಬಲದಿಂದಲೇ ಕಿಟಕಿ ಹಗುರಾಗಿ ಏಳುವುದು. ಆ ಗೂಡು ಪೂರಾ ಟೊಳ್ಳು. ನಮ್ಮ ಮನೆಯಲ್ಲಿ ಊದುಬತ್ತಿಯ ಹೊಗೆ ಎಲ್ಲಕ್ಕಿಂತ ಜೋರಾಗಿ ಬಾಗಿದ್ದು ಆ ರಾಟೆಯ ಹತ್ತಿರವೇ! ಅಲ್ಲೂ ಒಂದು ಉಂಡೆ ರೋಪ್ ಕಾಲ್ಕ್ ಒತ್ತಿದೆ. ಇನ್ನೊಂದು ಜಾಗ, ಚೌಕಟ್ಟಿನ ಪಟ್ಟಿ ಗೋಡೆಗೆ ಸೇರುವ ಬಿರುಕು.

ಇಷ್ಟಾದ ಮೇಲೆ ಪ್ಲಾಸ್ಟಿಕ್ ಹಾಳೆ. ಈಗ ಅದು ನಿಲ್ಲುತ್ತದೆ. ಚೌಕಟ್ಟನ್ನು ರಬ್ಬಿಂಗ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಲಿ. ಮರ ತೀರಾ ತಣ್ಣಗಿದ್ದರೆ ಟೇಪ್ ಹಿಡಿಯುವುದಿಲ್ಲ, ಹಾಗಾಗಿ ನವೆಂಬರ್ ಮೊದಲಲ್ಲೇ ಮುಗಿಸಿ. ಮೇಲಿನ ಅಂಚು ಮೊದಲು ಅಂಟಿಸಿ, ಆಮೇಲೆ ಪಕ್ಕ, ಕೊನೆಗೆ ಕೆಳಗೆ. ಇಬ್ಬರಿದ್ದರೆ ಒಳ್ಳೆಯದು. ಹೇರ್ ಡ್ರೈಯರ್ ಒಂದೇ ಕಡೆ ಹಿಡಿದು ನಿಲ್ಲಬೇಡಿ, ಹಾಳೆ ತೂತಾಗುತ್ತದೆ. ಒಂದು ಮೂಲೆ ಬಿಟ್ಟುಕೊಂಡಿದ್ದರೂ ಮನೆಯ ತೇವದ ಗಾಳಿ ಹಾಳೆಯ ಹಿಂದೆ ಹೋಗಿ ಗಾಜಿಗೆ ನೀರು ಕಟ್ಟುತ್ತದೆ. ಮೂಲೆಗಳನ್ನು ಎರಡು ಸಲ ಒತ್ತಿ.

ಬಾಗಿಲ ಬುಡಕ್ಕೆ ಅಮ್ಮನದೇ ಉಪಾಯ. ಹಳೇ ಪಂಚೆಯನ್ನು ಉದ್ದಕ್ಕೆ ಚೀಲ ಹೊಲಿದು, ಮರಳು ತುಂಬಿ ಇಟ್ಟಳು. ಅಂಗಡಿಯಲ್ಲೂ ಸಿಗುತ್ತದೆ, ಆದರೆ ಪಂಚೆಯ ಅಂಚು ಅದಕ್ಕಿಲ್ಲ. ಕಿಟಕಿಯ ಏಸಿಯನ್ನು ತೆಗೆದು ಒಳಗಿಡಿ. ಆಗದಿದ್ದರೆ ಸುತ್ತಲೂ ಮುಚ್ಚಿ.

ಪರದೆ ದಪ್ಪದ್ದಿರಲಿ, ಆದರೆ ಮನೆ ಕಾಯಿಸುವ ರೇಡಿಯೇಟರ್ ಮೇಲೆ ಇಳಿಬಿಡಬೇಡಿ. ಬಿಟ್ಟರೆ ಬಿಸಿಯೆಲ್ಲಾ ಪರದೆಯ ಹಿಂದೆ ಗಾಜಿಗೇ ಹೋಗುತ್ತದೆ. ಸೋಫಾವನ್ನೂ ಅದರ ಮುಂದಿನಿಂದ ಸರಿಸಿ. ದಕ್ಷಿಣದ ಕಿಟಕಿಯ ಪರದೆಯನ್ನು ಹಗಲು ತೆರೆದಿಡಿ, ಬಿಸಿಲು ಬಿಟ್ಟಿ. ನಿಮ್ಮದು ಒಂದೇ ಪೈಪಿನ ಹಬೆ ರೇಡಿಯೇಟರ್ ಆದರೆ ಅದರ ತಿರುಪನ್ನು ಪೂರ್ತಿ ತೆರೆಯಿರಿ ಇಲ್ಲಾ ಪೂರ್ತಿ ಮುಚ್ಚಿ. ಅರ್ಧ ತಿರುಗಿಸಿದರೆ ಒಳಗೆ ನೀರು ನಿಂತು, ರಾತ್ರಿಯಿಡೀ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು.

ಎಷ್ಟು ಮುಚ್ಚಿದರೂ ಮನೆ ಬಿಸಿಯಾಗದಿದ್ದರೆ ತಪ್ಪು ನಿಮ್ಮದಲ್ಲದೆಯೂ ಇರಬಹುದು. ಬಾಡಿಗೆ ಮನೆಯ ಹೀಟಿಂಗ್ ಓನರ್ ಕೈಯಲ್ಲಿದ್ದರೆ, ಶಿಕಾಗೊ ನಿಯಮದಂತೆ ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಮನೆ ಹಗಲಲ್ಲಿ ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು, ಅಂದರೆ 20 ಸೆಲ್ಸಿಯಸ್. ರಾತ್ರಿ ಹತ್ತೂವರೆಯಿಂದ ಬೆಳಿಗ್ಗೆ ಎಂಟೂವರೆವರೆಗೆ 66. ಒಂದು ಥರ್ಮಾಮೀಟರ್ ಇಟ್ಟು, ಫೋಟೋ ತೆಗೆದು ಓನರ್‌ಗೆ ಕಳಿಸಿ. ಕೇಳದಿದ್ದರೆ ನಗರಾಡಳಿತದ ದೂರಿನ ನಂಬರ್ 311ಕ್ಕೆ ಫೋನ್ ಮಾಡಿ. ನನ್ನ ಹಿಂದಿನ ಮನೆಯಲ್ಲಿ ಇದನ್ನು ತಿಳಿಯದೆ ಒಂದು ಚಳಿಗಾಲ ಸುಮ್ನೆ ನಡುಗಿದ್ದೆ.

ಗ್ಯಾಸ್ ಓವನ್ ಬಾಗಿಲು ತೆರೆದಿಟ್ಟು ಮನೆ ಕಾಯಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಇದ್ದಿಲಿನ ಅಗ್ಗಿಷ್ಟಿಕೆಯಂತೂ ಒಳಗೆ ಬೇಡವೇ ಬೇಡ. ಇವುಗಳಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಸಂದಿ ಮುಚ್ಚಿದ ಮನೆಯಲ್ಲಿ ಅಪಾಯ ಇನ್ನೂ ಜಾಸ್ತಿ. ಮಲಗುವ ಕೋಣೆಯಿಂದ 15 ಅಡಿಯೊಳಗೆ ಅದರ ಅಲಾರಂ ಇರಬೇಕು ಅಂತ ಇಲಿನಾಯ್ ಕಾನೂನು 2007ರಿಂದಲೇ ಹೇಳುತ್ತದೆ. ಬ್ಯಾಟರಿ ನೋಡಿಕೊಳ್ಳಿ. ಬಾಯ್ಲರ್, ಗೀಸರ್ ಇರುವ ಕಡೆ ಗಾಳಿಯಾಡುವ ಜಾಲರಿ ಇದ್ದರೆ ಅದಕ್ಕೆ ಕೈ ಹಚ್ಚಬೇಡಿ. ಬೆಂಕಿ ಬಿದ್ದರೆ ಹೊರಗೆ ಹೋಗುವ ಕಿಟಕಿ ಯಾವುದೋ ಅದನ್ನೂ ಬಿಗಿಯಬೇಡಿ.

ಹಾಗೇ ಅಡುಗೆಮನೆಯ ಒಂದು ಕಿಟಕಿಗೆ ನಾನು ಏನೂ ಅಂಟಿಸುವುದಿಲ್ಲ, ಚಿಲಕ ಮಾತ್ರ. ಒಗ್ಗರಣೆಗೆ ಮೆಣಸಿನಕಾಯಿ ಬಿದ್ದ ತಕ್ಷಣ ಅದನ್ನು ಎತ್ತಲೇಬೇಕು. ಕುಕ್ಕರ್ ಕೂಗಿದಾಗಲೂ ಎಕ್ಸಾಸ್ಟ್ ಹಾಕುತ್ತೇನೆ, ಇಲ್ಲದಿದ್ದರೆ ಹಬೆಯೆಲ್ಲಾ ಗಾಜಿನ ಮೇಲೆ ನೀರಾಗಿ ಇಳಿಯುತ್ತದೆ.

ನನಗೆ ನಾಲ್ಕು ಕಿಟಕಿಗೆ ಒಟ್ಟು 40 ಡಾಲರ್ ಒಳಗೇ ಮುಗಿಯಿತು. ಊದುಬತ್ತಿ ಲೆಕ್ಕಕ್ಕಿಲ್ಲ, ಅಮ್ಮ ಊರಿಂದ ತಂದದ್ದು. ಏಪ್ರಿಲ್‌ನಲ್ಲಿ ಒಂದು ದಿನ ಬಿಸಿಲು ಬಂತೆಂದು ಹಾಳೆ ಕೀಳಬೇಡಿ, ಮರುವಾರ ಹಿಮ ಬೀಳಬಹುದು. ನಾನು ಮೇ ಮೊದಲ ವಾರ ತೆಗೆಯುತ್ತೇನೆ. ಟೇಪನ್ನು ಹಾಗೇ ಎಳೆದರೆ ಬಣ್ಣವೂ ಕಿತ್ತು ಬರುತ್ತದೆ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡುತ್ತಾ ನಿಧಾನವಾಗಿ ಬಿಡಿಸಿ. ರೋಪ್ ಕಾಲ್ಕ್ ಮೆತ್ತಗೇ ಇದ್ದರೆ ಉಂಡೆ ಕಟ್ಟಿ ಡಬ್ಬಿಯಲ್ಲಿಡಿ. ಡಬ್ಬಿಯ ಮೇಲೆ ಹೆಸರು ಬರೆಯಿರಿ. ನಮ್ಮನೆಯಲ್ಲಿ ಒಮ್ಮೆ ಅದು ಫ್ರಿಜ್ ಸೇರಿತ್ತು.