ಹಾಳುಬಿದ್ದ ದನದ ಕೊಟ್ಟಿಗೆಯನ್ನು ತಂಪಾದ ಮನೆ ಮಾಡಿಕೊಳ್ಳೋದು ಹೇಗೆ?

ನಮ್ಮ ವಿಜಯಪುರ ಕಡೆ ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಖಾಲಿ ಬಿದ್ದ ಕೊಟ್ಟಿಗೆಗಳು ಊರೂರಲ್ಲೂ ಇವೆ. ಕೆಡವಿ ಆರ್‌ಸಿಸಿ ಹಾಕಿಸುವ ಮೊದಲು ಅದರ ಗೋಡೆ ನೋಡಿ. ಎರಡು ಅಡಿ ದಪ್ಪ, ಕಲ್ಲು ಮತ್ತು ಮಣ್ಣು. ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲೂ ಒಳಗೆ ತಂಪಿರುತ್ತದೆ. ಇದನ್ನು ಉಳಿಸಿಕೊಂಡರೇ ಅರ್ಧ ಮನೆ ಆದಂತೆ.

ಮೊದಲು ಕಾಗದಪತ್ರ. ಜಾಗ ಊರೊಳಗಿದ್ದರೆ ಪಂಚಾಯಿತಿಯಲ್ಲಿ ಕೇಳಿ, ಹೊಲದಲ್ಲಿದ್ದರೆ ಎನ್‌ಎ (ಹೊಲವನ್ನು ಕೃಷಿಯೇತರ ಜಾಗವೆಂದು ಮಾಡಿಸುವುದು) ವಿಷಯ ತಲಾಟಿ, ಅಂದರೆ ಊರಿನ ಕಂದಾಯ ಅಧಿಕಾರಿ ಹತ್ತಿರ ವಿಚಾರಿಸಿ.

ಆಮೇಲೆ ನೆಲ. ಇಲ್ಲಿ ಮಾತ್ರ ಅವಸರ ಬೇಡ. ವರ್ಷಗಟ್ಟಲೆ ದನದ ಗಂಜಲ ಕುಡಿದ ಮಣ್ಣು ಅದು, ಉಪ್ಪು ತುಂಬಿರುತ್ತದೆ. ಸುಮ್ನೆ ಅದರ ಮೇಲೆ ಟೈಲ್ಸ್ ಕೂರಿಸಿದರೆ ತೇವದ ಜೊತೆ ಆ ಉಪ್ಪು ಗೋಡೆಗೆ ಏರಿ, ಬುಡದಲ್ಲಿ ಬಿಳಿ ಹುಡಿ ಎದ್ದು, ಗಿಲಾವು ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಒಂದು ಅಡಿಯಾದರೂ ಮಣ್ಣು ತೆಗೆಸಿ. ಗೋಡೆ ಪಕ್ಕದಲ್ಲಿ ಸ್ವಲ್ಪ ಸ್ವಲ್ಪವೇ ತೆಗೆಯಬೇಕು, ಬುನಾದಿ ಕಲ್ಲು ಅಲುಗಬಾರದು. ತೆಗೆದ ಮಣ್ಣು ಹೊಲಕ್ಕೆ ಹರಡಿ, ಒಳ್ಳೆ ಗೊಬ್ಬರ. ನೆಲಕ್ಕೆ ಗರಸು (ಕಲ್ಲುಹರಳು ಬೆರೆತ ಮಣ್ಣು) ಹಾಕಿ ದಮ್ಮಸು ಬಡಿದು ಶಹಾಬಾದ್ ಫರಸಿ (ಚಪ್ಪಡಿ ಕಲ್ಲು) ಹಾಸಿದರೆ ಸಾಕು.

ಗೋಡೆಯ ಮೇಲಿನ ಉಪ್ಪನ್ನು ನೀರು ಹಾಕಿ ತೊಳೆಯಬೇಡಿ, ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ಉದುರಿಸಿ. ಮತ್ತೆ, ಸಿಮೆಂಟ್ ಗಿಲಾವು ಬೇಡವೇ ಬೇಡ. ಮಣ್ಣಿನ ಗೋಡೆ ತೇವ ಹೀರುತ್ತದೆ, ಬಿಡುತ್ತದೆ; ಸಿಮೆಂಟ್ ಬಳಿದರೆ ಬಿಡಲು ದಾರಿಯಿಲ್ಲದೆ ಒಳಗಿನ ಮಣ್ಣು ಮೆತ್ತಗಾಗುತ್ತಾ ಹೋಗುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ ಹಾಕಿಸಿ. ಗಾರೆ ಕೆಲಸದವರು ಸಿಮೆಂಟೇ ಬೇಗ ಆಗುತ್ತದೆ ಅಂತಾರೆ, ಒಪ್ಪಬೇಡಿ. 1656ರ ಹೊತ್ತಿಗೆ ಕಟ್ಟಿದ ಗೋಳಗುಮ್ಮಟದಲ್ಲಿರುವುದೂ ಸುಣ್ಣದ ಗಾರೆಯೇ ಅಲ್ವಾ?

ಮಾಳಿಗೆಯ, ಅಂದರೆ ಮಣ್ಣಿನ ಚಾವಣಿಯ ಜಂತಿಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಬಡಿದು ನೋಡಿ. ಖಣ್ ಅಂದರೆ ಗಟ್ಟಿ, ಬೊದ್ ಅಂದರೆ ಒರಲೆ ತಿಂದಿದೆ. ಗೋಡೆಯೊಳಗೆ ಹೊಕ್ಕ ತುದಿಯನ್ನು ಉಳಿಯಿಂದ ಚುಚ್ಚಲೇಬೇಕು, ಕೊಳೆಯಲು ಶುರುವಾಗುವುದು ಜಾಸ್ತಿ ಅಲ್ಲೇ. ಕೆಟ್ಟ ಜಂತಿ ಮಾತ್ರ ಬದಲಿಸಿ. ಮೇಲೆ ಸವಳು (ಕ್ಷಾರದ) ಮಣ್ಣು ಹೊದಿಸಿ, ನೀರು ಬಿದ್ದಾಗ ಅದು ಸಂದು ಮುಚ್ಚಿಕೊಳ್ಳುತ್ತದೆ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ನೋಡಿಕೊಳ್ಳಬೇಕು, ಆ ಕೆಲಸ ತಪ್ಪಿದ್ದಲ್ಲ.

ಬೆಳಕಿಗೆ ಗೋಡೆ ಒಡೆದು ದೊಡ್ಡ ಕಿಟಕಿ ಇಡಬೇಡಿ. ಮಾಳಿಗೆಯ ಬೆಳಕಿಂಡಿಗೆ ಗಾಜು ಕೂರಿಸಿ, ಎದುರುಬದುರು ಗೋಡೆಯ ಮೇಲ್ಭಾಗದಲ್ಲಿ ಚಿಕ್ಕ ಕಿಂಡಿ ಬಿಡಿ, ಬಿಸಿಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಗ್ವಾದ್ಲಿ, ಅಂದರೆ ದನಕ್ಕೆ ಮೇವು ಹಾಕುತ್ತಿದ್ದ ಕಟ್ಟೆ, ಗಟ್ಟಿಯಾಗಿದ್ದರೆ ಹಾಗೇ ಇರಲಿ, ಮೇಲೊಂದು ಫರಸಿ ಹೊದಿಸಿದರೆ ಕೂರಲು ಕಟ್ಟೆ ಆಗುತ್ತದೆ.