ಅಭ್ಯಾಸ ಹಾಳೆ ಮಾಡಿ ಆನ್‌ಲೈನ್‌ನಲ್ಲಿ ಮಾರುವುದು, ಕಾಪಾಡಿಕೊಳ್ಳುವುದು ಹೇಗೆ?

ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು, ಪಾವಗಡದ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಅವರಿಗೆ ಮನೆಯಲ್ಲಿ ‘ಪಾಲು’ ಅಂದರೆ ಕುಡಿಯುವ ಹಾಲು. ಕನ್ನಡ ಶಾಲೆಗೆ ಬಂದರೆ ಅದೇ ‘ಪಾಲು’ ಅಂದರೆ ಭಾಗ. ಮನೆಯ ‘ಪುಲಿ’ ಇಲ್ಲಿ ಹುಲಿ, ‘ಪಂದಿ’ ಹಂದಿ, ‘ಪುವ್ವು’ ಹೂವು. ಇಡೀ ರಾಜ್ಯಕ್ಕೆಂದು ಮಾಡುವ ಪುಸ್ತಕದಲ್ಲಿ ಇಂಥ ತೊಡಕಿಗೆ ಜಾಗ ಸಿಗುವುದು ಕಷ್ಟ. ಎರಡೂ ಭಾಷೆ ಬಲ್ಲ, ಆ ಮಕ್ಕಳ ಎದುರು ನಿಂತು ಪಾಠ ಮಾಡಿದ ಶಿಕ್ಷಕರಿಗೆ ಮಾತ್ರ ಅದು ಕಾಣುತ್ತದೆ. ಮಾರಲು ಯೋಗ್ಯವಾದ ವಿಷಯವೆಂದರೆ ಇಂಥದ್ದೇ. ‘ಒಂದನೇ ತರಗತಿ ಕನ್ನಡ ವರ್ಕ್‌ಶೀಟ್’ ಎಂದು ಹುಡುಕಿದರೆ ಪುಕ್ಕಟೆ ಫೈಲುಗಳ ರಾಶಿಯೇ ಬೀಳುತ್ತದೆ. ‘ಮನೆಮಾತು ತೆಲುಗು ಇರುವ ಮಕ್ಕಳಿಗೆ ಹ-ಪ ಅಭ್ಯಾಸ, 12 ಪುಟ’ ಎಂಬ ಹೆಸರಿಟ್ಟರೆ ಬೇಕಾದವರಿಗೆ ಅದು ತಮಗೇ ಎಂದು ಗೊತ್ತಾಗುತ್ತದೆ.

ಮೊದಲ ಕಟ್ಟಿಗೆ 12 ಪುಟ ಸಾಕು: ಎಂಟು ಅಭ್ಯಾಸ, ಎರಡು ಉತ್ತರ, ಶಿಕ್ಷಕರಿಗೆ ಸೂಚನೆ ಒಂದು, ಹೆಸರು ಮತ್ತು ಹಕ್ಕಿನ ಪುಟ ಒಂದು.

ಯಾವುದು ನಿಮ್ಮದು, ಯಾವುದಲ್ಲ

ಕಾಪಾಡಿಕೊಳ್ಳುವ ಕೆಲಸ ಶುರುವಾಗುವುದು ಇಲ್ಲಿಂದ. ಬೇರೆಯವರ ಚಿತ್ರ, ಪದ್ಯ ಸೇರಿಸಿಕೊಂಡ ಫೈಲನ್ನು ಯಾರಾದರೂ ಹಂಚಿದಾಗ ‘ಇದು ನನ್ನದು’ ಎಂದು ದೂರು ಕೊಡಲು ಬಾಯಿ ಬರುವುದಿಲ್ಲ.

ವರ್ಣಮಾಲೆ, ಮಗ್ಗಿ, ಹ-ಪ ಜೋಡಿಯ ಕಲ್ಪನೆ ಯಾರ ಸ್ವತ್ತೂ ಅಲ್ಲ. ನೀವು ಬರೆದ ವಾಕ್ಯ, ಎಳೆದ ಚಿತ್ರ, ಜೋಡಿಸಿದ ಬಗೆ ನಿಮ್ಮದು. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕದಿಂದ ಪಾಠದ ಹೆಸರನ್ನು ಉಲ್ಲೇಖಿಸಬಹುದು, ಪುಟವನ್ನೇ ಸ್ಕ್ಯಾನ್ ಮಾಡಿ ಮಾರುವಂತಿಲ್ಲ. ಪದ್ಯಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ, ಎಣಿಕೆ ಮರುವರ್ಷದಿಂದ. ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ ತೀರಿಕೊಂಡದ್ದು 1975ರಲ್ಲಿ. ಹಾಗಾಗಿ ಕಗ್ಗದ ಪದ್ಯಗಳು 2035ರ ಕೊನೆಯವರೆಗೆ ಹಕ್ಕಿನೊಳಗಿವೆ. ‘ಎಲ್ಲರ ಬಾಯಲ್ಲೂ ಇದೆಯಲ್ಲ’ ಎನ್ನುವುದು ಉತ್ತರವಾಗದು. ವಚನ, ಸರ್ವಜ್ಞನ ತ್ರಿಪದಿಗಳಿಗೆ ಆ ತೊಡಕಿಲ್ಲ. ಆದರೆ ಇತ್ತೀಚಿನ ಸಂಪಾದಕರು ಬರೆದ ಅರ್ಥ, ಟಿಪ್ಪಣಿಗಳನ್ನು ಎತ್ತಬಾರದು.

ಕ್ರಿಯೇಟಿವ್ ಕಾಮನ್ಸ್ ಚಿತ್ರ, ಅಂದರೆ ಮಾಡಿದವರೇ ಷರತ್ತು ಹಾಕಿ ಎಲ್ಲರ ಬಳಕೆಗೆ ಬಿಟ್ಟ ಚಿತ್ರ, ಬಳಸುವುದಾದರೆ ಪರವಾನಗಿಯ ಅಕ್ಷರ ನೋಡಿ. ‘ಎನ್‌ಸಿ’ (ವ್ಯಾಪಾರಕ್ಕಲ್ಲ) ಇದ್ದರೆ ಮಾರುವ ಫೈಲಿಗೆ ಬೇಡ. ‘ಬಿವೈ’ ಇದ್ದರೆ ಮಾಡಿದವರ ಹೆಸರು ಹಾಕಬೇಕು. ‘ಎಸ್‌ಎ’ ಇದ್ದರೆ ಅದನ್ನು ಮಾರ್ಪಡಿಸಿ ಮಾಡಿದ್ದನ್ನೂ ಅದೇ ಷರತ್ತಿನಲ್ಲಿ ಬಿಡಬೇಕಾಗುತ್ತದೆ. ಇಷ್ಟೆಲ್ಲ ತಲೆನೋವಿಗಿಂತ ಮೊಬೈಲಿನಲ್ಲಿ ನೀವೇ ಫೋಟೊ ತೆಗೆಯುವುದು ಮೇಲು. ರೇಷ್ಮೆ ಹುಳುವಿನ ಜೀವನಚಕ್ರ ಬೇಕೆಂದರೆ ಶಿಡ್ಲಘಟ್ಟದ ಸುತ್ತಮುತ್ತ ಒಂದು ಹುಳು ಮನೆಗೆ ಹೋಗಿ, ಕೇಳಿಕೊಂಡು, ಸೊಪ್ಪು ತಿನ್ನುವ ಹುಳು, ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಟ್ಟ ಹುಳು, ಗೂಡು ಎಲ್ಲವನ್ನೂ ತೆಗೆಯಿರಿ. ‘ಜ್ವರ’ (ಹುಳು ಪೊರೆ ಬಿಡುವ ಹಂತ), ‘ಹಣ್ಣಾದ ಹುಳು’ (ಗೂಡು ಕಟ್ಟಲು ಸಿದ್ಧವಾದದ್ದು) ಎಂಬ ಮಾತುಗಳೂ ಅಲ್ಲೇ ಸಿಗುತ್ತವೆ. ಆ ಊರಿನ ಮಗುವಿಗೆ ಅವು ಮನೆಯ ಮಾತು. ಮಕ್ಕಳ ಮುಖ ಮಾತ್ರ ಫೋಟೊದಲ್ಲಿ ಬರಕೂಡದು.

ಇನ್ನೊಂದು ಪ್ರಶ್ನೆಯನ್ನು ಹಲವರು ಕೇಳಿಕೊಳ್ಳುವುದೇ ಇಲ್ಲ. ಕೆಲಸದ ಭಾಗವಾಗಿ ಶಾಲೆಗೆಂದು ಮಾಡಿಕೊಟ್ಟದ್ದರ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಉದ್ಯೋಗದಾತರದ್ದು. ಮಾರುವುದನ್ನು ಮನೆಯಲ್ಲಿ, ಸ್ವಂತ ಕಂಪ್ಯೂಟರಿನಲ್ಲಿ, ಬೇರೆಯಾಗಿಯೇ ಮಾಡಿ. ಸರ್ಕಾರಿ ಶಿಕ್ಷಕರು ನಡತೆ ನಿಯಮಗಳಿಗೆ ಒಳಪಟ್ಟವರು, ಆದ್ದರಿಂದ ಮಾರಾಟಕ್ಕೆ ಮುನ್ನ ಇಲಾಖೆಯಿಂದ ಲಿಖಿತ ಅನುಮತಿ ಪಡೆದೇ ಮುಂದುವರಿಯಬೇಕು.

ಪುಟ ಕಟ್ಟುವುದು

ಅಳತೆ ಎ4, ಅಂದರೆ 210×297 ಮಿ.ಮೀ. ಎಡಕ್ಕೆ 20 ಮಿ.ಮೀ. ಅಂಚು ಬಿಡಿ, ಫೈಲಿಗೆ ಹಾಕಲು ತೂತು ಹೊಡೆಯುವುದು ಅಲ್ಲೇ. ಉಳಿದ ಮೂರು ಕಡೆ 12 ಮಿ.ಮೀ. ಒಂದನೇ ತರಗತಿಗೆ ಅಕ್ಷರ 28 ಪಾಯಿಂಟಿಗಿಂತ ಚಿಕ್ಕದಿರಬಾರದು. ಸಾಲಿನ ಅಂತರ ಒಂದೂವರೆ ಪಟ್ಟಾದರೂ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡಿಗೆ ಬದಲಿಸಿ. ಇಲ್ಲವಾದರೆ ಕೊಂಡವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ವರ್ಡ್ ಫೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಬದಲಿಸಿದ ಮೇಲೆ ಒಮ್ಮೆ ಓದಲೇಬೇಕು, ಅರ್ಕಾವತ್ತು ಜಾಗ ತಪ್ಪುವುದು ಸಾಮಾನ್ಯ. ‘ನೋಟೊ ಸಾನ್ಸ್ ಕನ್ನಡ’, ‘ಬಾಲೂ ತಮ್ಮ’ ಎಂಬ ಫಾಂಟುಗಳು ಮುಕ್ತ ಪರವಾನಗಿಯವು; ಮಾರುವ ಕೆಲಸಕ್ಕೂ ಬಳಸಬಹುದು. ಯಾವ ತಂತ್ರಾಂಶವೇ ಇರಲಿ, ಮೊದಲು ‘ಸ್ತ್ರೀ, ಲಕ್ಷ್ಮಿ, ಜ್ಞಾನ, ವರ್ಷ, ಕೃಷಿ, ರಾಷ್ಟ್ರ’ ಎಂದು ಬರೆದು ನೋಡಿ. ಒಂದು ಒಡೆದು ಕಂಡರೂ ಅದು ಕನ್ನಡಕ್ಕೆ ಒದಗುವುದಿಲ್ಲ. ಇಂಕ್‌ಸ್ಕೇಪ್, ಲಿಬ್ರೆ ಆಫೀಸ್ ಎರಡೂ ಉಚಿತ, ಎರಡರಲ್ಲೂ ಕನ್ನಡ ಸರಿಯಾಗಿ ಕೂರುತ್ತದೆ.

ತಿದ್ದುವ ಅಕ್ಷರದಲ್ಲಿ ತಪ್ಪು ಹೆಚ್ಚು. ‘ಹ’ ಟೈಪ್ ಮಾಡಿ ಅದರ ಅಂಚಿಗೆ ಚುಕ್ಕೆಗೆರೆ ಕೊಟ್ಟರೆ ಅಕ್ಷರದ ಎರಡೂ ಬದಿ ಚುಕ್ಕೆಯಾಗುತ್ತದೆ. ಯಾವ ಗೆರೆ ಹಿಡಿಯಬೇಕೆಂದು ಮಗುವಿಗೆ ತಿಳಿಯುವುದಿಲ್ಲ. ಇಂಕ್‌ಸ್ಕೇಪ್‌ನಲ್ಲಿ ಟೈಪ್ ಮಾಡಿದ ಅಕ್ಷರವನ್ನು ಕೆಳ ಪದರದಲ್ಲಿ ಮಸುಕಾಗಿಟ್ಟು ಆ ಪದರವನ್ನು ಲಾಕ್ ಮಾಡಿ. ಮೇಲಿನ ಪದರದಲ್ಲಿ ಪೆನ್ ಟೂಲ್ ಹಿಡಿದು, ಕೈ ಹೋಗುವ ದಿಕ್ಕಿನಲ್ಲೇ, ಅಕ್ಷರದ ನಡುವೆ ಒಂದೇ ಗೆರೆ ಎಳೆಯಿರಿ. ದಪ್ಪ 2.5 ಪಾಯಿಂಟ್, ತುದಿ ದುಂಡು, ನಂತರ ಚುಕ್ಕೆಗೆರೆ. ಶುರುವಿನಲ್ಲಿ ತುಂಬಿದ ಚುಕ್ಕೆ, ಪಕ್ಕದಲ್ಲಿ ಬಾಣ. ಕೊನೆಗೆ ಕೆಳ ಪದರ ಅಳಿಸಿ. ಒಂದು ಅಕ್ಷರಕ್ಕೆ ಹತ್ತು ನಿಮಿಷ ಹಿಡಿದೀತು, ಆದರೆ ಆ ಗೆರೆ ಸಂಪೂರ್ಣ ನಿಮ್ಮದು.

ಮೊದಲ ಅಭ್ಯಾಸ ಪುಟ ಹೀಗಿರಬಹುದು: ಎಡಕ್ಕೆ ಲೋಟದ ಚಿತ್ರ, ಕೆಳಗೆ ‘ಹಾಲು’. ಬಲಕ್ಕೆ ಎರಡು ಹೋಳಾದ ಮಾವಿನಹಣ್ಣು, ಕೆಳಗೆ ‘ಪಾಲು’. ಲೋಟದ ಪಕ್ಕ ಪುಟ್ಟ ಮನೆಯ ಗುರುತು ಹಾಕಿ, ಅದರೊಳಗೆ ‘ಮನೆಯಲ್ಲಿ: ಪಾಲು’ ಎಂದು ಬರೆಯಿರಿ. ಮನೆಮಾತಿಗೆ ತಪ್ಪು ಗುರುತು ಹಾಕಿಸುವ ಚಟುವಟಿಕೆ ಬೇಡವೇ ಬೇಡ. ಅಮ್ಮ ಆಡುವ ಮಾತೇ ತಪ್ಪು ಎಂದು ಮಗು ಕಲಿತರೆ ಕನ್ನಡದ ಮೇಲೂ ಪ್ರೀತಿ ಹುಟ್ಟುವುದಿಲ್ಲ.

ಪಿಡಿಎಫ್ ಮಾಡಿದ ಮೇಲೆ ಪ್ರಾಪರ್ಟೀಸ್‌ನಲ್ಲಿ ಫಾಂಟುಗಳು ‘ಎಂಬೆಡೆಡ್’ (ಫೈಲಿನೊಳಗೇ ಸೇರಿವೆ) ಎಂದಿವೆಯೇ ನೋಡಿ. ಚಿತ್ರಗಳು 300 ಡಿಪಿಐ, ಫೈಲು 10 ಎಂಬಿಯೊಳಗೆ ಇರಲಿ. ಆಮೇಲೆ ಊರಿನ ಜೆರಾಕ್ಸ್ ಅಂಗಡಿಗೆ ಹೋಗಿ ಒಂದು ಪ್ರತಿ ತೆಗೆಸಿ, ಆ ಪ್ರತಿಯ ಜೆರಾಕ್ಸ್ ತೆಗೆಸಿ. ತೆಳು ಬೂದು ಗೆರೆಗಳು ಮಾಯವಾಗಿದ್ದರೆ ಗಾಢ ಮಾಡಿ, ಶಾಲೆಗಳಲ್ಲಿ ಬಳಕೆಯಾಗುವುದು ಆ ಎರಡನೇ ಪ್ರತಿಯೇ.

ಬೀಗ ಎಲ್ಲಿ, ಎಷ್ಟು

ಪಾಸ್‌ವರ್ಡ್ ಮೇಲೆ ಭರವಸೆ ಇಡಬೇಡಿ. ತೆರೆಯುವ ಪಾಸ್‌ವರ್ಡ್ ಫೈಲಿನ ಜತೆಯಲ್ಲೇ ವಾಟ್ಸ್‌ಆ್ಯಪ್‌ನಲ್ಲಿ ಹೋಗುತ್ತದೆ. ಪ್ರಿಂಟ್ ತಡೆಯುವ ಬೀಗವನ್ನು ಕೀಳಲು ಉಚಿತ ತಂತ್ರಾಂಶಗಳಿವೆ. ದುಡ್ಡು ಕೊಟ್ಟವರಿಗೇ ಅದರಿಂದ ಕಷ್ಟ. ಪುಟದ ಅಡ್ಡಕ್ಕೆ ದೊಡ್ಡ ವಾಟರ್‌ಮಾರ್ಕ್ ಹಾಕಿದರೆ ಜೆರಾಕ್ಸಿನಲ್ಲಿ ಕಲೆಯಾಗುತ್ತದೆ.

ಕೆಲಸಕ್ಕೆ ಬರುವುದು ಹೆಸರು. ಪ್ರತಿ ಪುಟದಲ್ಲೂ, ಕತ್ತರಿಸಿದರೆ ಅಭ್ಯಾಸವೂ ಕತ್ತರಿಸಿ ಹೋಗುವ ಜಾಗದಲ್ಲಿ, 8 ಪಾಯಿಂಟ್ ಕಪ್ಪಕ್ಷರದಲ್ಲಿ ನಿಮ್ಮ ಹೆಸರು, ವರ್ಷ, ‘ಒಬ್ಬ ಶಿಕ್ಷಕರ ತರಗತಿ ಬಳಕೆಗೆ ಮಾತ್ರ’ ಎಂದು ಹಾಕಿ. ಜತೆಗೆ ಕೊಂಡವರ ಹೆಸರು, ಆರ್ಡರ್ ಸಂಖ್ಯೆ. ತಮ್ಮ ಹೆಸರಿರುವ ಫೈಲನ್ನು ಗುಂಪಿಗೆ ಹಾಕಲು ಯಾರಿಗೂ ಕೈ ಹಿಂಜರಿಯುತ್ತದೆ.

ಮಾದರಿಗೆ 12ರಲ್ಲಿ ಮೂರೇ ಪುಟ ತೋರಿಸಿ, ಅದೂ 72 ಡಿಪಿಐ ಚಿತ್ರವಾಗಿ. ಇಲ್ಲಿ ಮಾತ್ರ ವಾಟರ್‌ಮಾರ್ಕ್ ಚಿತ್ರದ ನಟ್ಟನಡುವೆ ಇರಲಿ.

ಫೈಲನ್ನು ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂಬ ಡ್ರೈವ್ ಲಿಂಕಿನಲ್ಲಿ ಕೊಡಬೇಡಿ, ಸೋರಿಕೆ ಆಗುವುದೇ ಅಲ್ಲಿಂದ. ಡೌನ್‌ಲೋಡ್ ಸಂಖ್ಯೆಗೆ ಮಿತಿ ಹಾಕುವ ಮಾರಾಟ ತಾಣ ಆರಿಸಿ. ಯುಪಿಐನಲ್ಲಿ ನೇರ ಹಣ ಪಡೆಯುವುದಾದರೆ, ಖಾತೆಗೆ ಜಮಾ ಆದದ್ದನ್ನು ಬ್ಯಾಂಕಿನ ಆ್ಯಪ್‌ನಲ್ಲೇ ನೋಡಿ ಕಳಿಸಿ, ಸ್ಕ್ರೀನ್‌ಶಾಟ್ ನಂಬಬೇಡಿ. ಬೆಲೆ ₹99 ಇಟ್ಟು ಪಾವತಿ ಶುಲ್ಕ ಶೇ 2, ಅದರ ಮೇಲೆ ಶೇ 18 ಜಿಎಸ್‌ಟಿ ಎಂದುಕೊಂಡರೆ ಕೈಗೆ ₹96.66 ಬರುತ್ತದೆ. ಈ ಆದಾಯವನ್ನು ತೆರಿಗೆ ವಿವರದಲ್ಲಿ ತೋರಿಸಬೇಕು.

ಯಾರಾದರೂ ಹಂಚಿದರೆ

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಳೆ ಮಾಡಿದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಬೇಕೆಂದರೆ ಸಾಹಿತ್ಯ ಕೃತಿಯಾಗಿ ನಮೂನೆ 14ರಲ್ಲಿ ₹500 ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ಆಕ್ಷೇಪಣೆಗೆ 30 ದಿನ ಕಾಯುತ್ತಾರೆ. ಅದಕ್ಕಿಂತ ಮುಖ್ಯ, ಕರಡು, ಇಂಕ್‌ಸ್ಕೇಪ್ ಮೂಲ ಫೈಲು, ಮೂಲ ಫೋಟೊಗಳನ್ನು ಎರಡು ಕಡೆ ಉಳಿಸಿಡುವುದು. ಪದರಗಳಿರುವ ಮೂಲ ಫೈಲು ಕದ್ದವರ ಬಳಿ ಇರುವುದಿಲ್ಲ.

ಗುಂಪುಗಳಲ್ಲಿ ಹಂಚುವವರಲ್ಲಿ ಹೆಚ್ಚಿನವರು ಕೆಟ್ಟ ಮನಸ್ಸಿನವರಲ್ಲ, ನಾಲ್ಕು ಮಕ್ಕಳಿಗೆ ಉಪಯೋಗವಾಗಲಿ ಎನ್ನುವ ಶಿಕ್ಷಕರೇ. ಮೊದಲ ಸಂದೇಶ ಹೀಗಿರಲಿ: ‘ನಮಸ್ಕಾರ ಮೇಡಂ. ನೀವು ಗ್ರೂಪಿಗೆ ಹಾಕಿರುವ ಹ-ಪ ಅಭ್ಯಾಸ ನಾನು ಮಾಡಿ ಮಾರುತ್ತಿರುವುದು. ನಿಮ್ಮ ತರಗತಿಗೆ ಪ್ರಿಂಟ್ ತೆಗೆದುಕೊಳ್ಳಿ, ಅಡ್ಡಿಯಿಲ್ಲ. ಗ್ರೂಪಿನಿಂದ ಮಾತ್ರ ದಯವಿಟ್ಟು ತೆಗೆದುಬಿಡಿ, ಬೇಕೆನ್ನುವವರಿಗೆ ಈ ಲಿಂಕ್ ಕೊಡಿ.’ ಅದೇ ದಿನ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಅಳಿಸಲು ಸುಮಾರು ಎರಡೂವರೆ ದಿನ ಮಾತ್ರ ಅವಕಾಶ.

ವೆಬ್‌ಸೈಟಿನಲ್ಲಿ ಏರಿಸಿದ್ದರೆ ವಿಳಾಸ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟು, ತಾಣದವರಿಗೆ ಲಿಖಿತ ದೂರು ಕೊಡಿ. ದೂರು ಸರಿಯೆನಿಸಿದರೆ ಅವರು 36 ಗಂಟೆಯೊಳಗೆ ಅದನ್ನು ತಡೆಹಿಡಿಯಬೇಕೆಂದು 2013ರ ಕೃತಿಸ್ವಾಮ್ಯ ನಿಯಮಗಳು ಹೇಳುತ್ತವೆ. 21 ದಿನದೊಳಗೆ ನೀವು ನ್ಯಾಯಾಲಯದ ಆದೇಶ ತರದಿದ್ದರೆ ಅವರು ಮತ್ತೆ ಹಾಕಬಹುದು. ಆದ್ದರಿಂದ ದೂರು ಕಳಿಸುವ ಮುನ್ನವೇ ವಕೀಲರೊಬ್ಬರ ಬಳಿ ಕಾಗದಗಳನ್ನು ತೋರಿಸಿ, ಖರ್ಚೆಷ್ಟು ಎಂದು ಕೇಳಿಕೊಂಡಿರಬೇಕು.